ತೂಕ ಬಂತು, ರಕ್ತ ಏರಲಿಲ್ಲ: ಅಂಗನವಾಡಿ ಊಟ, ಐರನ್ ಸಿರಪ್, ಎನ್‌ಆರ್‌ಸಿ – ಯಾವ ಮಗುವಿಗೆ ಯಾವುದು?

"ಮಿಸ್, ತೂಕ ಏನೋ ಬಂತು. ಆದ್ರೂ ಡಾಕ್ಟ್ರು ರಕ್ತ ಕಮ್ಮಿ ಅಂತಲೇ ಬರೀತಾರಲ್ಲ, ಯಾಕೆ?"

ಅಂಗನವಾಡಿಯಲ್ಲಿ ತೂಕ ಹಾಕುವ ದಿನ ತಾಯಂದಿರು ಪದೇ ಪದೇ ಕೇಳುವ ಪ್ರಶ್ನೆ ಇದು. ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: ಇನ್ನೂ ಚೆನ್ನಾಗಿ ತಿನ್ನಿಸಿ. ಈ ಉತ್ತರ ಸಾಲದು. ಆ ತಾಯಿ ತನ್ನ ಕೈಲಾದಷ್ಟು ತಿನ್ನಿಸಿಯೇ ಇರುತ್ತಾಳೆ. ಮಗುವಿಗೆ ಸಿಗುತ್ತಿರುವುದು ತೂಕ ಏರಿಸುವ ಕಾರ್ಯಕ್ರಮ. ರಕ್ತ ಏರಿಸುವುದಕ್ಕೆ ಬೇರೆಯೇ ಒಂದಿದೆ. ಒಂದರಿಂದ ಇನ್ನೊಂದರ ಕೆಲಸ ಆಗುವುದಿಲ್ಲ. ಎಷ್ಟೋ ಸಲ ಮಗು ಭರಭರನೆ ಬೆಳೆಯುವಾಗಲೇ ಮೈಯೊಳಗಿನ ಕಬ್ಬಿಣದ ದಾಸ್ತಾನು ಖಾಲಿಯಾಗುತ್ತದೆ. ಮೈ ದೊಡ್ಡದಾದಂತೆ ಹೊಸ ರಕ್ತ ಬೇಕು, ಅದಕ್ಕೆ ಕಬ್ಬಿಣ ಬೇಕು, ಅದು ತಟ್ಟೆಯಲ್ಲಿ ಅಷ್ಟಿರುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಅದೇ ಸಮೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ತೂಕ ಇಲ್ಲದ ಮಕ್ಕಳು ಶೇ 32.9. ಅಂದರೆ ತೂಕ ಸರಿಯಿರುವ ಮಕ್ಕಳಲ್ಲೂ ಬಹಳಷ್ಟು ಮಂದಿಗೆ ರಕ್ತ ಕಡಿಮೆ ಇದೆ. ತೂಕದ ಯಂತ್ರವನ್ನು ಮಾತ್ರ ನೋಡುತ್ತಾ ಕೂತರೆ ಇವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಬೆಂಗಳೂರಿನಲ್ಲಿ ಪುಟ್ಟ ಮಗುವಿನ ಮನೆಯವರ ಮುಂದೆ ಐದಾರು ದಾರಿಗಳಿವೆ. ಅಂಗನವಾಡಿ ಆಹಾರ, ಸರ್ಕಾರಿ ಐರನ್ ಸಿರಪ್, ಕಬ್ಬಿಣ, ವಿಟಮಿನ್ ಬೆರೆಸಿದ ಸಾರವರ್ಧಿತ ಅಕ್ಕಿ ಅಥವಾ ಪೋಷಕಾಂಶದ ಪುಡಿ, ಪೌಷ್ಟಿಕ ಪುನಶ್ಚೇತನ ಕೇಂದ್ರ (ಎಲ್ಲರೂ ಎನ್‌ಆರ್‌ಸಿ ಎನ್ನುತ್ತಾರೆ), ಮನೆಯ ಊಟ, ಅಂಗಡಿಯ ಡಬ್ಬಿ ಪುಡಿ. ಯಾವುದು ರಕ್ತದಲ್ಲಿ ಏನನ್ನು ಬದಲಿಸುತ್ತದೆ, ಎಷ್ಟು ದಿನಕ್ಕೆ ಬದಲಿಸುತ್ತದೆ ಅನ್ನುವುದರ ಮೇಲೆ ಆಯ್ಕೆ ಮಾಡಬೇಕು.

ಮೊದಲು ರಿಪೋರ್ಟು

ಹಿಮೋಗ್ಲೋಬಿನ್ ಎಲ್ಲರಿಗೂ ಗೊತ್ತಿರುವ ಅಂಕಿ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ 6 ತಿಂಗಳಿನಿಂದ 5 ವರ್ಷದ ಮಗುವಿಗೆ ಡೆಸಿಲೀಟರಿಗೆ 11 ಗ್ರಾಂ ಇರಬೇಕು. 10ರಿಂದ 10.9 ಇದ್ದರೆ ಸ್ವಲ್ಪ ಕಡಿಮೆ, 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ಹೋದರೆ ತೀವ್ರ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷದೊಳಗಿನ ಮಕ್ಕಳ ಗಡಿಯನ್ನು 10.5ಕ್ಕೆ ಇಳಿಸಿತು. ಎರಡರಿಂದ ಐದು ವರ್ಷಕ್ಕೆ 11 ಹಾಗೇ ಇದೆ.

ಇದರಲ್ಲಿ ನಮ್ಮ ಊರಿಗೇ ಸೇರಿದ ಒಂದು ವಿಷಯ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರದ ಊರಲ್ಲಿ ಗಾಳಿಯ ಆಮ್ಲಜನಕ ಸ್ವಲ್ಪ ತೆಳು, ಆದ್ದರಿಂದ ಮೈ ಸ್ವಲ್ಪ ಜಾಸ್ತಿ ಹಿಮೋಗ್ಲೋಬಿನ್ ಮಾಡಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಲೆಕ್ಕದ ಪ್ರಕಾರ 500ರಿಂದ 999 ಮೀಟರ್ ಎತ್ತರದ ಊರಲ್ಲಿ ಬಂದ ಅಂಕಿಯಿಂದ 0.4 ಕಳೆಯಬೇಕು. ಮೂರು ವರ್ಷದ ಮಗುವಿಗೆ ಇಲ್ಲಿ 11.2 ಬಂದರೆ ಅದು ನಿಜದಲ್ಲಿ 10.8. ಗಡಿಯಲ್ಲಿರುವ ಮಗುವನ್ನು "ಪರವಾಗಿಲ್ಲ, ಹನ್ನೊಂದು ದಾಟಿದೆ" ಎಂದು ಕಳಿಸುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಬೆರಳು ಚುಚ್ಚಿ ನೋಡಿದ ಅಂಕಿಗೂ ತೋಳಿನಿಂದ ರಕ್ತ ತೆಗೆದು ನೋಡಿದ ಅಂಕಿಗೂ ವ್ಯತ್ಯಾಸ ಬರುತ್ತದೆ. ಮಗು ಕೈ ಎಳೆದುಕೊಳ್ಳುತ್ತದೆ, ಅಳುತ್ತದೆ. ಪರೀಕ್ಷೆ ಮಾಡುವವರು ಬೆರಳನ್ನು ಹಿಂಡುತ್ತಾರೆ. ಹಿಂಡಿದಾಗ ರಕ್ತದ ಜೊತೆ ಮೈಯ ನೀರೂ ಬರುತ್ತದೆ, ಅಂಕಿ ತಪ್ಪುತ್ತದೆ. ಮೊದಲ ಹನಿಯನ್ನು ಒರೆಸಿ, ತಾನಾಗಿ ಮೂಡುವ ಮುಂದಿನ ಹನಿಯನ್ನು ತೆಗೆದುಕೊಳ್ಳಬೇಕು. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬೆರಳಿನ ರಕ್ತ ನೋಡಿದ್ದರು. 2016–18ರ ಮಕ್ಕಳ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ತೋಳಿನ ರಕ್ತ ತೆಗೆದರು. ಅದರಲ್ಲಿ ದೇಶದ 1ರಿಂದ 4 ವರ್ಷದ ಮಕ್ಕಳಲ್ಲಿ ರಕ್ತಹೀನತೆ ಶೇ 41, ಕಬ್ಬಿಣದ ಕೊರತೆ ಸುಮಾರು ಶೇ 32. ಸಮೀಕ್ಷೆ ಬೇರೆ, ವಯಸ್ಸೂ ಸ್ವಲ್ಪ ಬೇರೆ, ನಿಜ. ಆದರೂ ಎರಡು ಮಾತು ಗಟ್ಟಿ: ಅಳೆಯುವ ರೀತಿ ಬದಲಾದರೆ ಅಂಕಿ ಬದಲಾಗುತ್ತದೆ, ಮತ್ತು ರಕ್ತಹೀನತೆಗೆಲ್ಲ ಕಬ್ಬಿಣವೊಂದೇ ಕಾರಣ ಅಲ್ಲ.

ಹಾಗಾಗಿ ಹಿಮೋಗ್ಲೋಬಿನ್ ಜೊತೆ ಎಂಸಿವಿ ನೋಡಿ. ಅದು ಕೆಂಪು ರಕ್ತಕಣದ ಗಾತ್ರ, ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಯಲ್ಲೇ ಬರುತ್ತದೆ. ಕಣ ಚಿಕ್ಕದಾಗಿದ್ದರೆ ಕಬ್ಬಿಣದ ಕೊರತೆ ಇರಬಹುದು, ತಲಸ್ಸೇಮಿಯಾ (ಹುಟ್ಟಿನಿಂದ ಬರುವ ರಕ್ತದ ತೊಂದರೆ) ಗುಣವೂ ಇರಬಹುದು. ದೊಡ್ಡದಾಗಿದ್ದರೆ ಬಿ12 ಅಥವಾ ಫೋಲಿಕ್ ಆಸಿಡ್ ಕಡೆ ನೋಡಬೇಕು. ಮೊಟ್ಟೆ, ಮಾಂಸ ಮುಟ್ಟದ, ಹಾಲೂ ಕಡಿಮೆ ಕುಡಿಯುವ ತಾಯಿಯ ಎದೆಹಾಲಿನಲ್ಲೇ ಬೆಳೆದ ಮಗುವಿಗೆ ಬಿ12 ಕೊರತೆ ಬರುವುದುಂಟು. ಅಂಥ ಮಗುವಿಗೆ ಎಷ್ಟು ಐರನ್ ಕುಡಿಸಿದರೂ ಅಂಕಿ ಅಲುಗುವುದಿಲ್ಲ.

ಇನ್ನು ಫೆರಿಟಿನ್. ಅದು ಮೈಯೊಳಗಿನ ಕಬ್ಬಿಣದ ಕಣಜ ಎಷ್ಟು ತುಂಬಿದೆ ಎಂದು ಹೇಳುತ್ತದೆ. ಐದು ವರ್ಷದೊಳಗಿನ ಮಗುವಿಗೆ 12ಕ್ಕಿಂತ ಕಡಿಮೆ ಇದ್ದರೆ ಕಣಜ ಖಾಲಿ. ಆದರೆ ಮಗುವಿಗೆ ಜ್ವರವೋ ಕೆಮ್ಮೋ ಭೇದಿಯೋ ಇದ್ದರೆ ಫೆರಿಟಿನ್ ಸುಮ್ಮಸುಮ್ಮನೆ ಮೇಲೇರುತ್ತದೆ. ಆಗ 30ಕ್ಕಿಂತ ಕಡಿಮೆ ಇದ್ದರೂ ಕೊರತೆ ಎಂದೇ ಹಿಡಿಯಬೇಕು. ಸೋಂಕು ಇದೆಯೋ ಇಲ್ಲವೋ ತಿಳಿಯುವುದಕ್ಕೆ ಸಿಆರ್‌ಪಿ ಎಂಬ ರಕ್ತಪರೀಕ್ಷೆ ಇದೆ, ಸೋಂಕಿದ್ದರೆ ಅದರ ಅಂಕಿ ಏರುತ್ತದೆ. ಒಂದು ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 9.1, ಎಂಸಿವಿ 65, ಫೆರಿಟಿನ್ 26, ಸಿಆರ್‌ಪಿ 18 ಎಂದು ಇದೆ ಅಂದುಕೊಳ್ಳಿ. ಫೆರಿಟಿನ್ ಪಕ್ಕ "ನಾರ್ಮಲ್" ಎಂದು ಅಚ್ಚಾಗಿರುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಸಿಆರ್‌ಪಿ ಏರಿದೆ, ಕಣ ಚಿಕ್ಕದಾಗಿದೆ, ಫೆರಿಟಿನ್ 30ರ ಕೆಳಗಿದೆ. ನಿಜಕ್ಕೂ ಆ ಮಗುವಿಗೆ ಕಬ್ಬಿಣ ಬೇಕು. ಸಿಆರ್‌ಪಿ ಇಲ್ಲದೆ ಫೆರಿಟಿನ್ ಒಂದನ್ನೇ ಮಾಡಿಸಿದರೆ ದುಡ್ಡು ದಂಡ.

ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ಬಗ್ಗೆ ಒಂದೇ ಮಾತು. ಪ್ರೋಟೀನ್ ಕಡಿಮೆಯಾಗಿದೆಯಾ ನೋಡೋಣ ಎಂದು ಅದನ್ನು ಬರೆಸಿಕೊಂಡು ಬರುವವರಿದ್ದಾರೆ. ಸೋಂಕು ಬಂದರೂ ಆಲ್ಬುಮಿನ್ ಇಳಿಯುತ್ತದೆ. ಮೇಲಾಗಿ ಅದು ರಕ್ತದಲ್ಲಿ ವಾರಗಟ್ಟಲೆ ಉಳಿಯುವಂಥದ್ದು, ಇವತ್ತಿನ ಊಟ ಅದರಲ್ಲಿ ಕಾಣುವುದಿಲ್ಲ. ಮಗು ಸೊರಗಿದೆಯೋ ಇಲ್ಲವೋ ತಿಳಿಯಲು ತೂಕ, ಎತ್ತರ, ತೋಳಿನ ಸುತ್ತಳತೆ ನೋಡುವ ಪಟ್ಟಿ ಸಾಕು.

ಅಂಗನವಾಡಿ ಊಟ: ತೂಕಕ್ಕೆ ಹೌದು, ಹಿಮೋಗ್ಲೋಬಿನ್‌ಗೆ ನಿಧಾನ

ಮೂರು ವರ್ಷದೊಳಗಿನ ಮಗುವಿಗೆ ಮನೆಗೆ ಒಯ್ಯುವ ಆಹಾರ, ಆಮೇಲೆ ಕೇಂದ್ರದಲ್ಲೇ ಬಿಸಿ ಊಟ. ಸರ್ಕಾರದ ಲೆಕ್ಕದಲ್ಲಿ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್. ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ 800 ಕ್ಯಾಲೊರಿ, 20ರಿಂದ 25 ಗ್ರಾಂ ಪ್ರೋಟೀನ್. ಕರ್ನಾಟಕದಲ್ಲಿ 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಿಂದ 150 ಮಿಲಿ ಹಾಲು, ಜೊತೆಗೆ ಮೊಟ್ಟೆ.

ಇದು ದೊಡ್ಡ ಆಸರೆ. ಕಟ್ಟಡ ಕೆಲಸಕ್ಕೆ ರಾಯಚೂರು, ಯಾದಗಿರಿಯಿಂದ ಬಂದು ಶೆಡ್ಡಿನಲ್ಲಿರುವ ಮನೆಯ ಮಗುವಿಗೆ ದಿನದ ಒಂದು ಗಟ್ಟಿ ಊಟ ಇದೇ ಆಗಿರಬಹುದು. ತೂಕ ಏರುತ್ತದೆ. ಹಾಲು, ಮೊಟ್ಟೆಯಿಂದ ಬಿ12 ಸಿಗುತ್ತದೆ, ಪ್ರೋಟೀನ್ ಸಿಗುತ್ತದೆ.

ಕಬ್ಬಿಣದ ಲೆಕ್ಕ ಮಾತ್ರ ಕೂಡುವುದಿಲ್ಲ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಒಂದು ಮೊಟ್ಟೆಯಲ್ಲಿ ಸುಮಾರು 1 ಮಿಲಿಗ್ರಾಂ ಇದೆ, ಅದರಲ್ಲೂ ಮೈಗೆ ಹತ್ತುವುದು ಸ್ವಲ್ಪವೇ. ಹಾಲಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅನ್ನ, ಬೇಳೆ, ತರಕಾರಿಯಲ್ಲಿರುವ ಕಬ್ಬಿಣ ಸುಲಭವಾಗಿ ಹೀರಿಕೆಯಾಗುವುದಿಲ್ಲ. ಆಗಲೇ ಹಿಮೋಗ್ಲೋಬಿನ್ 9ಕ್ಕೆ ಇಳಿದಿರುವ ಮಗುವನ್ನು ಈ ಊಟದಿಂದಷ್ಟೇ 11ಕ್ಕೆ ತರುತ್ತೇವೆ ಅನ್ನುವುದು ಆಗದ ಮಾತು. ಅಂಗನವಾಡಿ ಬಿಡಿಸಬೇಡಿ, ಖಂಡಿತ. ಆದರೆ ಅದನ್ನೇ ರಕ್ತಹೀನತೆಯ ಚಿಕಿತ್ಸೆ ಎಂದು ನಂಬಿ ಕೂರಬೇಡಿ.

ಸಿರಪ್: ರಕ್ತವನ್ನು ಬೇಗ ಏರಿಸುವುದು ಇದೇ

2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ 6 ತಿಂಗಳಿನಿಂದ 5 ವರ್ಷದ ಮಕ್ಕಳಿಗೆ ಐರನ್ ಮತ್ತು ಫೋಲಿಕ್ ಆಸಿಡ್ ಸಿರಪ್ ಉಚಿತ. ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 1 ಮಿಲಿ. ಆ 1 ಮಿಲಿಯಲ್ಲಿ 20 ಮಿಲಿಗ್ರಾಂ ಕಬ್ಬಿಣ, 100 ಮೈಕ್ರೊಗ್ರಾಂ ಫೋಲಿಕ್ ಆಸಿಡ್. ಆಶಾ ಕಾರ್ಯಕರ್ತೆಯ ಹತ್ತಿರ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಜನ ಎಡವುವುದು ಈ ಮುಂದಿನ ವಿಷಯದಲ್ಲಿ. ವಾರಕ್ಕೆರಡು ಸಲದ ಡೋಸು ರಕ್ತಹೀನತೆ ಬಾರದಂತೆ ತಡೆಯುವುದಕ್ಕೆ. ಬಂದಾದ ಮೇಲೆ ಗುಣಪಡಿಸುವ ಡೋಸು ಬೇರೆ. ಅದು ಮಗುವಿನ ತೂಕದ ಕೆಜಿಗೆ 3 ಮಿಲಿಗ್ರಾಂನಂತೆ, ದಿನಾ, ಎರಡು ತಿಂಗಳು. 9 ಕೆಜಿ ಮಗುವಿಗೆ ದಿನಕ್ಕೆ 27 ಮಿಲಿಗ್ರಾಂ ಆಯಿತು. ವಾರಕ್ಕೆ 189. ತಡೆಯುವ ಡೋಸಿನಲ್ಲಿ ಸಿಗುವುದು ವಾರಕ್ಕೆ 40. ಹಿಮೋಗ್ಲೋಬಿನ್ 8.5 ಇರುವ ಮಗುವಿಗೆ ವಾರಕ್ಕೆರಡು ಸಲದ್ದನ್ನೇ ಕೊಡುತ್ತಾ "ಸಿರಪ್ ಕೊಡ್ತಾನೇ ಇದೀವಿ, ಏರ್ತಿಲ್ಲ" ಎಂದರೆ ತಪ್ಪು ಸಿರಪ್‌ದಲ್ಲ. ಡಾಕ್ಟರ ಹತ್ತಿರ "ಇದು ತಡೆಯೋ ಡೋಸೋ, ಗುಣ ಮಾಡೋ ಡೋಸೋ?" ಎಂದು ನೇರವಾಗಿ ಕೇಳಿ. ಅಂಗಡಿಯ ಸಿರಪ್‌ಗಳಲ್ಲಿ 5 ಮಿಲಿಗೆ ಎಷ್ಟು ಕಬ್ಬಿಣ ಅನ್ನುವುದು ಬಾಟಲಿಯಿಂದ ಬಾಟಲಿಗೆ ಬದಲಾಗುತ್ತದೆ. ಬಾಟಲಿ ಬದಲಾದರೆ ಡೋಸನ್ನು ಮತ್ತೆ ಲೆಕ್ಕ ಹಾಕಿಸಲೇಬೇಕು.

ಸರಿಯಾದ ಡೋಸು ಹೋದರೆ ಏನಾಗುತ್ತದೆ? ವಾರ, ಹತ್ತು ದಿನದಲ್ಲಿ ಎಳೆಯ ಕೆಂಪುಕಣಗಳು ಜಾಸ್ತಿಯಾಗುತ್ತವೆ. ರಿಪೋರ್ಟಿನಲ್ಲಿ ಅದಕ್ಕೆ ರೆಟಿಕ್ಯುಲೊಸೈಟ್ ಎನ್ನುತ್ತಾರೆ. ತಿಂಗಳಿಗೆ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರುತ್ತದೆ. ಫೆರಿಟಿನ್ ತುಂಬುವುದು ಎಲ್ಲಕ್ಕಿಂತ ಕೊನೆಗೆ. ಮೈ ಮೊದಲು ರಕ್ತ ಮಾಡಿಕೊಳ್ಳುತ್ತದೆ, ಮಿಕ್ಕಿದ್ದನ್ನು ಮಾತ್ರ ಕೂಡಿಡುತ್ತದೆ. ಹಿಮೋಗ್ಲೋಬಿನ್ 11 ಮುಟ್ಟಿದ ದಿನವೇ ಬಾಟಲಿ ಎತ್ತಿಟ್ಟರೆ ಕೆಲವು ತಿಂಗಳಲ್ಲಿ ಮತ್ತೆ ಮೊದಲಿನ ಜಾಗಕ್ಕೇ ಬರುವುದು ಇದರಿಂದಲೇ.

ಸಿರಪ್ಪಿನ ನಿಜವಾದ ಕಷ್ಟ ಮನೆಯೊಳಗೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ಬೆಳಗ್ಗೆ ಎಂಟಕ್ಕೆಲ್ಲ ಮನೆ ಬಿಡುತ್ತಾಳೆ. ಮಗು ಅಜ್ಜಿಯ ಕೈಯಲ್ಲಿ. ಸಿರಪ್ ಬಾಯಿಗೆ ಬಿದ್ದ ಕೂಡಲೇ ಮಗು ಮುಖ ಕಿವುಚುತ್ತದೆ, ಅರ್ಧ ಉಗಿಯುತ್ತದೆ. ಅಜ್ಜಿ ಉಪಾಯ ಮಾಡಿ ಹಾಲಿಗೆ ಬೆರೆಸಿ ಕುಡಿಸುತ್ತಾರೆ. ಹಾಲಿನ ಜೊತೆ ಹೋದ ಕಬ್ಬಿಣ ಸರಿಯಾಗಿ ಹೀರಿಕೆಯಾಗುವುದಿಲ್ಲ. ಎರಡನೇ ವಾರ ಮಲ ಕಪ್ಪಗಾಗುತ್ತದೆ, ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ, ಅಜ್ಜಿಗೆ ಗಾಬರಿ, ಸಿರಪ್ ಬಂದ್. ಇದರಲ್ಲಿ ಅಜ್ಜಿಯ ತಪ್ಪೇನೂ ಇಲ್ಲ. ಮಲ ಕಪ್ಪಾಗುವುದು ಸಹಜ, ಸಿರಪ್ಪನ್ನು ನಾಲಿಗೆಯ ಹಿಂಭಾಗಕ್ಕೆ ಬಿಟ್ಟರೆ ಹಲ್ಲಿಗೆ ತಾಗುವುದಿಲ್ಲ, ಊಟವಾಗಿ ಸ್ವಲ್ಪ ಹೊತ್ತು ಬಿಟ್ಟು ಕೊಡಿ, ಹಾಲು ಟೀ ಜೊತೆ ಬೇಡ, ನಾಲ್ಕು ಹನಿ ನಿಂಬೆರಸ ಒಳ್ಳೆಯದು. ಬಾಟಲಿ ಕೊಟ್ಟ ದಿನ ಈ ಮಾತುಗಳನ್ನು ಕೂರಿಸಿಕೊಂಡು ಹೇಳಬೇಕಾದ್ದು ಅಜ್ಜಿಗೆ, ತಾಯಿಗೆ ಮಾತ್ರ ಅಲ್ಲ. ಇನ್ನೊಂದು: ಬಾಟಲಿ ಮಗುವಿನ ಕೈಗೆ ಎಟುಕದ ಕಡೆ ಇರಲಿ. ಒಂದೇ ಸಲ ಜಾಸ್ತಿ ಕಬ್ಬಿಣ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ.

ಜ್ವರ, ಜೋರು ಭೇದಿ, ನ್ಯುಮೋನಿಯಾ ಇದ್ದಾಗ ತಡೆಯುವ ಡೋಸನ್ನು ನಿಲ್ಲಿಸಿ, ಹುಷಾರಾದ ಮೇಲೆ ಮುಂದುವರಿಸಿ. ತಲಸ್ಸೇಮಿಯಾ ಇರುವ, ಪದೇ ಪದೇ ರಕ್ತ ಕೊಡಿಸಿಕೊಂಡ ಮಗುವಿಗೆ ಈ ಸಿರಪ್ ಬೇಡವೇ ಬೇಡ.

ಸಾರವರ್ಧಿತ ಅಕ್ಕಿ, ಉದುರಿಸುವ ಪುಡಿ

ಸಾರವರ್ಧಿತ ಅಕ್ಕಿಯ ಕಾಳನ್ನು ಪ್ಲಾಸ್ಟಿಕ್ ಎಂದು ಆರಿಸಿ ಬಿಸಾಡುವವರು ಈಗಲೂ ಇದ್ದಾರೆ. ಅದು ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮತ್ತೆ ಕಾಳಿನಂತೆ ಒತ್ತಿದ್ದು. ನೂರಕ್ಕೆ ಒಂದು ಪಾಲು ಬೆರೆಸಿರುತ್ತಾರೆ. ನಿಯಮದ ಪ್ರಕಾರ ಕೆಜಿ ಅಕ್ಕಿಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ. ಪುಟ್ಟ ಮಗು ದಿನಕ್ಕೆ 50 ಗ್ರಾಂ ಅಕ್ಕಿಯ ಅನ್ನ ತಿಂದರೆ 1.4ರಿಂದ 2.1 ಮಿಲಿಗ್ರಾಂ ಸಿಕ್ಕಿತು.

ಬೆಂಗಳೂರಿನಲ್ಲೇ ಇದರ ಬಗ್ಗೆ ಒಳ್ಳೆಯ ಪ್ರಯೋಗ ನಡೆದಿದೆ. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಶಾಲಾ ಮಕ್ಕಳಿಗೆ ಏಳು ತಿಂಗಳು ಕಬ್ಬಿಣ ಸೇರಿಸಿದ ಅನ್ನ ಕೊಟ್ಟರು. ಕಬ್ಬಿಣದ ಕೊರತೆ ಶೇ 78ರಿಂದ ಶೇ 25ಕ್ಕೆ ಇಳಿಯಿತು. ಸಾದಾ ಅನ್ನ ತಿಂದವರಲ್ಲೂ ಇಳಿಯಿತು, ಆದರೆ ಅಷ್ಟಲ್ಲ. ಎಲ್ಲರಿಗೂ ಜಂತುಹುಳದ ಮಾತ್ರೆ ಕೊಟ್ಟಿದ್ದರು. ಹೈದರಾಬಾದಿನ ಶಾಲಾ ಮಕ್ಕಳಲ್ಲಿ ಇಂಥದ್ದೇ ಇನ್ನೊಂದು ಪ್ರಯೋಗವಾಯಿತು. ಅಲ್ಲಿ ಕಬ್ಬಿಣದ ಅನ್ನ ತಿಂದವರ ಫೆರಿಟಿನ್ ಏರಿತು, ಹಿಮೋಗ್ಲೋಬಿನ್ ಮಾತ್ರ ಎರಡೂ ಗುಂಪಿನಲ್ಲಿ ಏರಿತು. ನನ್ನ ಮಟ್ಟಿಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: ಈ ಅಕ್ಕಿ ದಾಸ್ತಾನನ್ನು ನಿಧಾನಕ್ಕೆ ತುಂಬುತ್ತದೆ. ಬಿದ್ದ ಹಿಮೋಗ್ಲೋಬಿನ್ ಎತ್ತುವ ಕೆಲಸ ಅದರದಲ್ಲ. ಮೇಲಾಗಿ ಬೆಂಗಳೂರಿನ ಪ್ರಯೋಗದಲ್ಲಿದ್ದದ್ದು ಶಾಲೆಗೆ ಹೋಗುವ ಮಕ್ಕಳು. ಒಂದೂವರೆ ವರ್ಷದ ಕೂಸು ಅಷ್ಟು ಅನ್ನ ತಿನ್ನುವುದೇ ಇಲ್ಲ.

ಊಟದ ಮೇಲೆ ಉದುರಿಸುವ ಪೋಷಕಾಂಶದ ಪುಡಿ ಪುಟ್ಟ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಹೊಂದುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಒಂದು ಪೊಟ್ಟಣದಲ್ಲಿ 10ರಿಂದ 12.5 ಮಿಲಿಗ್ರಾಂ ಕಬ್ಬಿಣ, 5 ಮಿಲಿಗ್ರಾಂ ಜಿಂಕ್, ಜೊತೆಗೆ ವಿಟಮಿನ್ ಎ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎರಡು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಶೇ 18ರಷ್ಟು, ಕಬ್ಬಿಣದ ಕೊರತೆ ಶೇ 53ರಷ್ಟು ಕಡಿಮೆಯಾಗಿದ್ದು ಕಂಡಿತು. ಎರಡು ಅಂಕಿಗಳ ಅಂತರ ನೋಡಿ. ಕಬ್ಬಿಣ ಹೋದರೂ ರಕ್ತಹೀನತೆ ಪೂರ್ತಿ ಹೋಗಲಿಲ್ಲ, ಏಕೆಂದರೆ ಸೋಂಕು, ಬಿ12 ಕೊರತೆ, ಹುಟ್ಟಿನಿಂದ ಬಂದ ಕಾರಣಗಳು ಹಾಗೇ ಉಳಿದಿದ್ದವು. ಸಿರಪ್ ಕಂಡರೆ ವಾಂತಿ ಮಾಡುವ ಮಗುವಿಗೆ ಡಾಕ್ಟರನ್ನು ಕೇಳಿ ಇದನ್ನು ನೋಡಬಹುದು. ಪುಡಿ, ಸಿರಪ್ ಎರಡನ್ನೂ ಒಟ್ಟಿಗೆ ಕೊಡುವುದಾದರೆ ಅವರಿಗೆ ಹೇಳಿಯೇ ಕೊಡಿ.

ಎನ್‌ಆರ್‌ಸಿ: ಇದನ್ನು ಹಿಮೋಗ್ಲೋಬಿನ್‌ನಿಂದ ಅಳೆಯಬಾರದು

ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ, ಅಥವಾ ಎರಡೂ ಪಾದದಲ್ಲಿ ಊತ, ಅಥವಾ ಎತ್ತರಕ್ಕೆ ತಕ್ಕ ತೂಕ ತೀರಾ ಕಡಿಮೆ. ಇದು ತೀವ್ರ ಅಪೌಷ್ಟಿಕತೆ. ಇದರ ಜೊತೆ ಮಗು ತಿನ್ನುವುದನ್ನೇ ಬಿಟ್ಟಿದ್ದರೆ, ಮಂಕಾಗಿದ್ದರೆ, ಜ್ವರ, ಭೇದಿ, ಉಸಿರಾಟದ ತೊಂದರೆ ಇದ್ದರೆ ಯೋಚನೆ ಮಾಡುತ್ತಾ ಕೂರುವ ಸಮಯ ಅಲ್ಲ. ಎನ್‌ಆರ್‌ಸಿ ಇರುವ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಎಲ್ಲಿದೆ ಎಂದು ಅಂಗನವಾಡಿ ಟೀಚರ್ ಅಥವಾ ಆಶಾ ಹೇಳುತ್ತಾರೆ. ರಾತ್ರಿ ಹೊತ್ತಾದರೆ ವಾಣಿವಿಲಾಸ ಆಸ್ಪತ್ರೆಗೋ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ನೇರ ಹೋಗಿ.

ಅಲ್ಲಿ ಸುಮಾರು 14 ದಿನ ಇರಬೇಕು, ತಾಯಿಯೂ ಜೊತೆಗಿರಬೇಕು. ಮೊದಲ ದಿನಗಳಲ್ಲಿ ಎಫ್-75 ಎಂಬ ಹಾಲಿನಂಥ ಆಹಾರವನ್ನು ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ. 100 ಮಿಲಿಗೆ 75 ಕ್ಯಾಲೊರಿ, ಪ್ರೋಟೀನ್ 1 ಗ್ರಾಂ ಕೂಡ ಇಲ್ಲ. "ಸೊರಗಿದ ಮಗುವಿಗೆ ಇಷ್ಟೇನಾ?" ಎಂದು ಮನೆಯವರಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಹೊತ್ತಿನಲ್ಲಿ ಡಾಕ್ಟರುಗಳು ಕಣ್ಣಿಟ್ಟಿರುವುದು ಬೇರೆ ಅಂಕಿಗಳ ಮೇಲೆ. ರಕ್ತದ ಸಕ್ಕರೆ 54ಕ್ಕಿಂತ ಕೆಳಗೆ ಹೋಗಬಾರದು. ಪೊಟ್ಯಾಸಿಯಂ, ಮೆಗ್ನೀಸಿಯಂ ಕೂಡಿಸಬೇಕು. ಹಸಿದ ಮೈಗೆ ಒಮ್ಮೆಲೇ ಜಾಸ್ತಿ ಊಟ ಹೋದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ತೊಂದರೆಯಾಗುತ್ತದೆ. ಮಗುವಿಗೆ ಹಸಿವು ಮರಳಿದ ಮೇಲೆ ಎಫ್-100, ಅಂದರೆ 100 ಮಿಲಿಗೆ 100 ಕ್ಯಾಲೊರಿ, 2.9 ಗ್ರಾಂ ಪ್ರೋಟೀನ್. ತೂಕ ಏರುವುದು ಆಗ.

ಕಬ್ಬಿಣವನ್ನು ಮೊದಲ ದಿನಗಳಲ್ಲಿ ಬೇಕೆಂದೇ ಕೊಡುವುದಿಲ್ಲ. ಸೋಂಕಿನಲ್ಲಿರುವ, ತೀರಾ ಸೊರಗಿದ ಮೈಗೆ ಅದನ್ನು ಸುರಕ್ಷಿತವಾಗಿ ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಬಿಡಿಯಾಗಿ ಉಳಿದ ಕಬ್ಬಿಣ ಸೋಂಕನ್ನೇ ಬೆಳೆಸಬಹುದು. ಹಸಿವು ಬಂದು ತೂಕ ಏರತೊಡಗಿದ ಮೇಲೆ ಶುರು ಮಾಡುತ್ತಾರೆ. ಮೈಯ ನೀರಿನ ಹಂಚಿಕೆ ಸರಿಹೋಗುವಾಗ ಮೊದಲ ದಿನಗಳಲ್ಲಿ ಹಿಮೋಗ್ಲೋಬಿನ್ ಸ್ವಲ್ಪ ಇಳಿದಂತೆಯೂ ಕಾಣಬಹುದು. ಊತ ಇಳಿಯುವ ಮಗುವಿನ ತೂಕವೂ ಇಳಿಯುತ್ತದೆ. ಹಿಮೋಗ್ಲೋಬಿನ್ 10 ಇದ್ದದ್ದು 9.5 ಆಯಿತು, ಇಲ್ಲಿ ಏನೂ ನೋಡುತ್ತಿಲ್ಲ ಎಂದು ಐದನೇ ದಿನ ಮಗುವನ್ನು ಎತ್ತಿಕೊಂಡು ಹೊರಟುಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಗು ಉಳಿಯುವುದು ಆ ದಿನಗಳಲ್ಲೇ.

14 ದಿನದ ಕೂಲಿ ಹೋಗುತ್ತದೆ, ಇನ್ನೊಂದು ಮಗು ಮನೆಯಲ್ಲಿದೆ ಅನ್ನುವ ಸಂಕಟ ಸಣ್ಣದಲ್ಲ. ತಾಯಿಗೆ ಕೂಲಿ ನಷ್ಟದ ಭತ್ಯೆ ಇದೆ, ಸೇರುವಾಗಲೇ ಕೇಳಿ. ಮನೆಗೆ ಬಂದ ಮೇಲೆ ಕರೆದ ದಿನಗಳಂದು ತಪ್ಪದೆ ಹೋಗಿ. ರಕ್ತದ ಅಂಕಿ ಮೇಲೇರುವುದು ಆ ತಿಂಗಳುಗಳಲ್ಲಿ.

ತೀವ್ರ ಅಪೌಷ್ಟಿಕತೆ ಇದ್ದರೂ ಮಗು ಲವಲವಿಕೆಯಿಂದಿದ್ದು ಚೆನ್ನಾಗಿ ತಿನ್ನುತ್ತಿದ್ದರೆ, ಬೇರೆ ಕಾಯಿಲೆ ಇಲ್ಲದಿದ್ದರೆ, ಡಾಕ್ಟರು ನೋಡಿ ಒಪ್ಪಿದ ಮೇಲೆ ಮನೆಯಲ್ಲೇ ಇಟ್ಟುಕೊಂಡು ಅಂಗನವಾಡಿಯ 800 ಕ್ಯಾಲೊರಿ ಆಹಾರದಿಂದ ಚೇತರಿಸಿಕೊಳ್ಳಬಹುದು. ಆರು ತಿಂಗಳೊಳಗಿನ ಕೂಸಿಗೆ ಈ ಮಾತು ಅನ್ವಯಿಸುವುದಿಲ್ಲ, ಅದನ್ನು ಆಸ್ಪತ್ರೆಗೇ ತೋರಿಸಬೇಕು.

ಮನೆ ಊಟ ಮತ್ತು ಡಬ್ಬಿ ಪುಡಿ

ರಾಗಿ ತಿಂದರೆ ರಕ್ತ ಬರುತ್ತದೆ ಎಂದು ನಮ್ಮಲ್ಲಿ ಗಟ್ಟಿ ನಂಬಿಕೆ. 100 ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣ ಇದೆ, ಪಾಲಿಶ್ ಮಾಡಿದ ಅಕ್ಕಿಗಿಂತ ಎಷ್ಟೋ ಪಾಲು ಜಾಸ್ತಿ. ಸುಣ್ಣದ ಅಂಶ (ಕ್ಯಾಲ್ಸಿಯಂ) 364 ಮಿಲಿಗ್ರಾಂ, ಅದರಲ್ಲಿ ರಾಗಿಯನ್ನು ಮೀರಿಸುವ ಧಾನ್ಯ ಇಲ್ಲ. ಆದರೆ ರಾಗಿಯಲ್ಲಿರುವ ಫೈಟೇಟ್, ಟ್ಯಾನಿನ್‌ಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ. ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಡುವ ರಾಗಿ ಸರಿಯಲ್ಲಿ ಅದು ಕಡಿಮೆಯಾಗುತ್ತದೆ. ಅಂಗಡಿಯಿಂದ ಬರೀ ರಾಗಿ ಹಿಟ್ಟು ತಂದು ಹಾಲು, ಬೆಲ್ಲ ಹಾಕಿ ಕುದಿಸಿದ್ದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಮೊಳಕೆ ಕಾಳಿನ ಬಸ್ಸಾರಿನ ಕಟ್ಟು ಅನ್ನಕ್ಕೆ ಹಾಕಿ, ನುಗ್ಗೆಸೊಪ್ಪು ನುಣ್ಣಗೆ ಅರೆದು ಬೆರೆಸಿ, ಮೇಲೆ ನಿಂಬೆಹಣ್ಣು ಹಿಂಡಿ. ಊಟದ ಜೊತೆ ಸೀಬೆಹಣ್ಣಿನ ತಿರುಳು ಕೊಟ್ಟರೂ ಆಯಿತು. ಮಾಂಸ ತಿನ್ನುವ ಮನೆಯಲ್ಲಿ ವಾರಕ್ಕೊಮ್ಮೆ ಸ್ವಲ್ಪ ಕುರಿಯ ಲಿವರ್ ಬೇಯಿಸಿ ಹಿಸುಕಿ ಕೊಡಿ. ಆ ಕಬ್ಬಿಣ ಸೊಪ್ಪಿನದಕ್ಕಿಂತ ಸುಲಭವಾಗಿ ಹತ್ತುತ್ತದೆ.

ನಗರದ ಮನೆಗಳಲ್ಲಿ ನನಗೆ ತುಂಬ ಚಿಂತೆ ತರುವುದು ಹಾಲಿನ ಬಾಟಲಿ. ಒಂದೂವರೆ ವರ್ಷದ ಮಗು ದಿನಕ್ಕೆ ಮುಕ್ಕಾಲು ಲೀಟರ್ ಹಾಲು ಕುಡಿದು, ಊಟ ಮುಟ್ಟದೆ, ಗುಂಡಗೆ ಬೆಳ್ಳಗೆ ಇರುತ್ತದೆ. ತೂಕ ಸರಿ. ಹಿಮೋಗ್ಲೋಬಿನ್ 8. ಆ ಬಿಳುಪು ಆರೋಗ್ಯದ್ದಲ್ಲ. ಇಂಥ ಮಗುವಿಗೆ ಗುಣ ಮಾಡುವ ಡೋಸಿನ ಸಿರಪ್ ಜೊತೆಗೆ ಹಾಲನ್ನು ಅರ್ಧ ಲೀಟರಿಗಿಂತ ಕೆಳಗೆ ಇಳಿಸಲೇಬೇಕು. ಇಲ್ಲದಿದ್ದರೆ ಊಟದ ಹಸಿವೂ ಆಗುವುದಿಲ್ಲ, ಕಬ್ಬಿಣವೂ ಹತ್ತುವುದಿಲ್ಲ.

ಡಬ್ಬಿ ಪುಡಿಗಳನ್ನು ನಾನು ಪಟ್ಟಿಯ ಕೊನೆಗೆ ಇಡುತ್ತೇನೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ಪಟ್ಟಿಯಿಂದ ತೆಗೆಯಿರಿ ಎಂದು ಹೇಳಿತು. ಡಬ್ಬಿಯ ಹಿಂದೆ ಸಕ್ಕರೆ ಎಷ್ಟು ಎಂದು ಓದಿ. ಅದನ್ನು ಬೆರೆಸುವುದೂ ಹಾಲಿಗೇ, ಅಲ್ವಾ? ಆ ದುಡ್ಡಿಗೆ ಮೊಟ್ಟೆ, ಕಡಲೆಬೀಜ, ಹೆಸರುಕಾಳು ತನ್ನಿ.

ಹಾಗಾದರೆ ನಿಮ್ಮ ಮಗುವಿಗೆ?

ತೂಕ ಕಡಿಮೆ, ತೋಳಿನ ಸುತ್ತಳತೆ 11.5ರಿಂದ 12.5 ಸೆಂಟಿಮೀಟರಿನ ನಡುವೆ, ಹಿಮೋಗ್ಲೋಬಿನ್ 11ರ ಗಡಿ ದಾಟಿದೆ: ಅಂಗನವಾಡಿ ಊಟವೇ ಮುಖ್ಯ, ತಡೆಯುವ ಡೋಸಿನ ಸಿರಪ್ ಜೊತೆಗಿರಲಿ. ತೂಕ ಪರವಾಗಿಲ್ಲ, ಹಿಮೋಗ್ಲೋಬಿನ್ 11ಕ್ಕಿಂತ ಕೆಳಗೆ: ಗುಣ ಮಾಡುವ ಡೋಸು ಮೊದಲು, ಊಟದ ಬದಲಾವಣೆ ಜೊತೆಗೆ. 7ಕ್ಕಿಂತ ಕೆಳಗಿದ್ದರೆ ಮನೆಮದ್ದು, ಪುಡಿ, ಅಕ್ಕಿ ಯಾವುದರ ಮಾತೂ ಬೇಡ, ನೇರ ಆಸ್ಪತ್ರೆ. ಪದೇ ಪದೇ ಭೇದಿ ಆಗುವ ಮಗುವಿಗೆ ಓಆರ್‌ಎಸ್ ಜೊತೆ 14 ದಿನದ ಜಿಂಕ್ ಕೋರ್ಸ್ ಮುಗಿಸಿ. ಫೆಬ್ರವರಿ ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಕೊಡುವ ಜಂತುಹುಳದ ಮಾತ್ರೆ ತಪ್ಪಿಸಬೇಡಿ. ಒಂದರಿಂದ ಎರಡು ವರ್ಷಕ್ಕೆ ಅರ್ಧ, ಆಮೇಲೆ ಒಂದು. ಕಬ್ಬಿಣದ ಕೆಲಸಕ್ಕೆ ವಿಟಮಿನ್ ಎ ಕೂಡ ಬೇಕು, 9ನೇ ತಿಂಗಳಿಂದ ಐದು ವರ್ಷದವರೆಗಿನ ಒಂಬತ್ತು ಡೋಸುಗಳಲ್ಲಿ ಎಷ್ಟು ಆಗಿವೆ ಎಂದು ತಾಯಿ ಕಾರ್ಡಿನಲ್ಲಿ ನೋಡಿ.

ಗುಣ ಮಾಡುವ ಡೋಸು ಶುರುವಾದ ಒಂದು ತಿಂಗಳಿಗೆ ಹಿಮೋಗ್ಲೋಬಿನ್ ಮತ್ತೆ ನೋಡಿಸಿ, ಮೊದಲ ಸಲ ನೋಡಿದ ರೀತಿಯಲ್ಲೇ. ಬೆರಳಾದರೆ ಬೆರಳು, ತೋಳಾದರೆ ತೋಳು. 1 ಗ್ರಾಂನಷ್ಟು ಏರಿದ್ದರೆ ದಾರಿ ಸರಿಯಿದೆ, ಎರಡು ತಿಂಗಳು ಪೂರ್ತಿ ಮಾಡಿ, ಆಮೇಲೆ ವಾರಕ್ಕೆರಡು ಸಲದ ಡೋಸಿಗೆ ಬನ್ನಿ. ಏರದಿದ್ದರೆ ಸಿರಪ್ ನಿಜಕ್ಕೂ ಹೊಟ್ಟೆಗೆ ಹೋಗುತ್ತಿದೆಯಾ, ಡೋಸು ಸರಿಯಾ ನೋಡಿ. ಎರಡೂ ಸರಿಯಿದ್ದರೆ ಡಾಕ್ಟರ ಹತ್ತಿರ ಬಿ12, ತಲಸ್ಸೇಮಿಯಾ, ಒಳಗೊಳಗೇ ಇರುವ ಸೋಂಕು ಇವುಗಳ ಬಗ್ಗೆ ಕೇಳಿ.

ಅದೇ ದಿನ ತಾಯಿಯ ರಕ್ತವನ್ನೂ ಪರೀಕ್ಷೆ ಮಾಡಿಸಿ. 2010ರಲ್ಲಿ ಪ್ರಕಟವಾದ, ಕರ್ನಾಟಕದ ಎರಡು ಜಿಲ್ಲೆಗಳ ಹಳ್ಳಿಗಳಲ್ಲಿ ಒಂದರಿಂದ ಎರಡು ವರ್ಷದ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಮಗುವಿನ ಹಿಮೋಗ್ಲೋಬಿನ್‌ಗೂ ತಾಯಿಯ ಹಿಮೋಗ್ಲೋಬಿನ್‌ಗೂ ನಂಟು ಕಂಡುಬಂತು. ತಾಯಿಗೆ ಕಡಿಮೆ ಬಂದರೆ ಅವಳ ಮಾತ್ರೆಯೂ ಅಂದಿನಿಂದಲೇ ಶುರುವಾಗಲಿ.